ಕ್ಲೈಡ್ ದಂಡೆಯ ರಾಕೆಟ್ ಜಾತ್ರೆ

ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದ ಕೆಳಅಂತಸ್ತಿನಲ್ಲಿ ಲೋಕಲ್ ರೈಲು ಹತ್ತಿದರೆ ಎರಡನೆಯ ಸ್ಟಾಪೇ ಎಕ್ಸಿಬಿಷನ್ ಸೆಂಟರ್. ಬೆಳಗಿನ ಹೊತ್ತು, ಆಫೀಸಿಗೆ ಹೋಗುವವರ ನೂಕುನುಗ್ಗಲು. ನನ್ನೆದುರು ನಿಂತಿದ್ದ ಧಡೂತಿ ಆಸಾಮಿಯ ತಲೆಯ ಮೇಲೆ ಸುರುಳಿ ಸುತ್ತಿದ ಎರಡು ಕೊಂಬು, ಬೆನ್ನಿಗೆ ಕಪ್ಪು ರೆಕ್ಸಿನ್ನಿನ ರೆಕ್ಕೆ, ಕೈಯಲ್ಲಿ ಕಾಗದದ ಲೋಟದ ಕಾಫಿ. ರೆಕ್ಕೆ ಯಾರ ಕಣ್ಣಿಗೂ ಚುಚ್ಚದಿರಲಿ ಎಂದು ಪಾಪ, ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದ. ಪಕ್ಕದಲ್ಲಿದ್ದ ಹೆಂಗಸು ಮೊಬೈಲಿನಿಂದ ಕಣ್ಣೆತ್ತಿ ಕೊಂಬನ್ನೊಮ್ಮೆ ನೋಡಿದಳು. 'ಮುಂದಿನದೇ ನಿಮ್ಮ ಸ್ಟಾಪು' ಎಂದು ಹೇಳಿ ಮತ್ತೆ ಮೊಬೈಲಿಗೆ ಇಳಿದಳು. ಊರಿನವರಿಗೆ ಎಲ್ಲ ಗೊತ್ತಾಗಿಹೋಗಿತ್ತು.

2024ರ ಆಗಸ್ಟ್ 8ರಿಂದ 12ರವರೆಗೆ ಅಲ್ಲಿ ನಡೆದದ್ದು ವರ್ಲ್ಡ್‌ಕಾನ್, ಅಂದರೆ ವಿಶ್ವ ವೈಜ್ಞಾನಿಕ ಸಾಹಿತ್ಯ ಸಮ್ಮೇಳನ. ಎಂಬತ್ತೆರಡನೆಯದು. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಇದು 1995, 2005ರ ನಂತರ ಮೂರನೆಯ ಸರದಿ. ಹೆಸರಿಗೆ ವಿಜ್ಞಾನವಾದರೂ ಮಾಂತ್ರಿಕರು, ಡ್ರ್ಯಾಗನ್‌ಗಳು, ದೆವ್ವಗಳು ಎಲ್ಲಕ್ಕೂ ಇಲ್ಲಿ ಜಾಗವುಂಟು.

ನಿಲ್ದಾಣದಿಂದ ಸಭಾಂಗಣಕ್ಕೆ ಕೊಳವೆಯಂಥ ಒಂದು ಕೆಂಪು ಕಾಲುಸೇತುವೆ. ಅದರೊಳಗೆ ಸಾಲುಸಾಲಾಗಿ ಜನ: ಕೊಂಬಿನವರು, ಬೆಳ್ಳಿ ಬಣ್ಣ ಬಳಿದುಕೊಂಡವರು, ಊರುಗೋಲಿನ ಅಜ್ಜಂದಿರು, ಕೂಸನ್ನು ಎದೆಗೆ ಕಟ್ಟಿಕೊಂಡ ತಾಯಂದಿರು. ಆಚೆ ಕಾಣುವುದು ಆರ್ಮಡಿಲೊ. ಅದು 1997ರಲ್ಲಿ ಕಟ್ಟಿದ, ಮೂರು ಸಾವಿರ ಜನ ಕೂರುವ ರಂಗಮಂದಿರ. ಲೋಹದ ಪದರಗಳನ್ನು ಹೊದ್ದು, ನಮ್ಮ ಕಾಡಿನ ಚಿಪ್ಪುಹಂದಿ ಮುದುಡಿ ಮಲಗಿದ ಹಾಗೆ ಕ್ಲೈಡ್ ಹೊಳೆಯ ಕಡೆ ಮುಖ ಮಾಡಿ ಬಿದ್ದುಕೊಂಡಿದೆ. ಈ ಇಡೀ ಆವರಣ ಒಂದು ಕಾಲಕ್ಕೆ ಹಡಗುಕಟ್ಟೆ. ಹಡಗಿನ ವ್ಯಾಪಾರ ಬಿದ್ದುಹೋದ ಮೇಲೆ ಕಟ್ಟೆಯನ್ನು ಮಣ್ಣು ಕಲ್ಲು ತುಂಬಿ ಮುಚ್ಚಿ, ಮೇಲೆ ಸಭಾಂಗಣ ಎಬ್ಬಿಸಿದರು. 2021ರ ಹವಾಮಾನ ಶೃಂಗಸಭೆ ನಡೆದದ್ದೂ ಇಲ್ಲೇ. ಹಳೆಯ ದಿನಗಳ ಸಾಕ್ಷಿಯಾಗಿ ಐವತ್ತು ಮೀಟರಿಗೂ ಎತ್ತರದ ಫಿನ್ನಿಸ್ಟನ್ ಕ್ರೇನ್ ಇನ್ನೂ ನಿಂತಿದೆ. ಗ್ಲಾಸ್ಗೋದಲ್ಲಿ ತಯಾರಾದ ಉಗಿ ಎಂಜಿನ್‌ಗಳನ್ನು ಇಡಿಯಾಗಿ ಎತ್ತಿ ಹಡಗಿಗೆ ಇಳಿಸುತ್ತಿದ್ದ ಯಂತ್ರ ಅದು. ಈ ಊರಿನ ಕಾರ್ಖಾನೆಗಳ ಎಂಜಿನ್‌ಗಳು ಎಷ್ಟೋ ವರ್ಷ ಭಾರತದ ಹಳಿಗಳ ಮೇಲೂ ಓಡಿವೆ. ಚಿಕ್ಕಂದಿನಲ್ಲಿ ರೈಲಿನ ಕಿಟಕಿಗೆ ಮುಖ ಕೊಟ್ಟು ಕಣ್ಣಿಗೆ ಕಲ್ಲಿದ್ದಲ ಕಿಡಿ ಹಾರಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಕ್ರೇನಿನ ಕೆಳಗೆ ನಿಂತಾಗ ಪರಊರು ಅನ್ನಿಸಲಿಲ್ಲ.

ಒಳಗೆ ನೋಂದಣಿಯ ಸಾಲು. ಕೌಂಟರಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಅಜ್ಜಿ, ಪಕ್ಕದಲ್ಲಿ ಮೀಸೆ ಚಿಗುರದ ಹುಡುಗ. ಇಬ್ಬರಿಗೂ ಸಂಬಳವಿಲ್ಲ. ಇಡೀ ಸಮ್ಮೇಳನದಲ್ಲಿ ಅಧ್ಯಕ್ಷರಿಂದ ಹಿಡಿದು ಕುರ್ಚಿ ಜೋಡಿಸುವವರ ತನಕ ಸಂಘಟಕರೆಲ್ಲ ಸ್ವಯಂಸೇವಕರೇ. ಹಣ ಕಟ್ಟಿದವರು ಸಮ್ಮೇಳನದ ಸದಸ್ಯರಾಗುತ್ತಾರೆ. ವೇದಿಕೆಯಲ್ಲಿ ಮಾತನಾಡುವ ಲೇಖಕರೂ ಅಷ್ಟೆ, ತಮ್ಮ ಜೇಬಿನಿಂದ ಹಣ ಕಟ್ಟಿಯೇ ಒಳಗೆ ಬರಬೇಕು. ಕೊನೆಯಲ್ಲಿ ಲೆಕ್ಕ ನೋಡಿ ಮಿಕ್ಕಿದರೆ ವಾಪಸ್ ಕೊಡುವ ರೂಢಿಯುಂಟು, ಮಿಗದಿದ್ದರೆ ಇಲ್ಲ. ಮುಖ್ಯ ಅತಿಥಿಗಳಿಗೆ ಮಾತ್ರ ವಿನಾಯಿತಿ. ಹಾರ, ಶಾಲು, ಹಣ್ಣಿನ ಬುಟ್ಟಿ, ಹೋಗಿಬರುವ ಖರ್ಚಿನ ಲಕೋಟೆ ನೋಡಿ ಅಭ್ಯಾಸವಾದ ನನ್ನಂಥ ಕನ್ನಡ ಲೇಖಕನಿಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತೇ ಬೇಕಾಯಿತು.

ಕೊರಳಿಗೆ ಬ್ಯಾಡ್ಜು ಬಿತ್ತು. ಹೆಗಲಲ್ಲಿ ಹಾವೇರಿ ಸಾಹಿತ್ಯ ಸಮ್ಮೇಳನದ ಬಟ್ಟೆಚೀಲ. ಅದರ ಮೇಲಿನ ಅಕ್ಷರ ನೋಡಿಯೇ ಇರಬೇಕು, ಹಿಂದಿನಿಂದ ಒಂದು ದನಿ ಬಂತು.

"ಸರ್, ಕನ್ನಡದೋರಾ ನೀವು?"

ತಿರುಗಿದರೆ ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ದಾವಣಗೆರೆಯವಳು, ಎಡಿನ್‌ಬರದಲ್ಲಿ ಸಾಫ್ಟ್‌ವೇರ್ ಕೆಲಸ. ರಜೆ ಹಾಕಿ ಇಲ್ಲಿ ನಿಂತಿದ್ದಳು. ಮೈಮೇಲೆ ಸ್ವಯಂಸೇವಕರ ಅಂಗಿ.

"ಇಲ್ಲಿ ಏನು ಕೆಲಸ ಕೊಟ್ಟಾರವ್ವಾ?"

"ಕ್ಯೂ ಸರಿ ಮಾಡೋದು ಸರ್. ನಮ್ಮೂರಾಗ ಮಾರಿಹಬ್ಬದ ಕ್ಯೂ ನೋಡಿ ಬೆಳೆದೋಳು, ಇದೇನು ಮಹಾ?"

ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು: "ಸರ್, ನಮ್ಮ ಸಮ್ಮೇಳನಕ್ಕೆ ಬರೋರಿಗೆ ಓಓಡಿ ಸಿಗತ್ತಂತಲ್ಲ, ಹೌದಾ?" ಹೌದು ಎಂದೆ. ಅವಳು ಬಾಯಿಬಿಟ್ಟು ನಕ್ಕಳು. ಸರ್ಕಾರಿ ನೌಕರರಿಗೆ ಹಾಜರಾತಿ ಚೀಟಿ ಕೊಟ್ಟು ಸಾಹಿತ್ಯ ಕೇಳಿಸುವ ವ್ಯವಸ್ಥೆ ಆ ಕಟ್ಟಡದಲ್ಲಿದ್ದ ಯಾವ ಕಾದಂಬರಿಕಾರನ ಕಲ್ಪನೆಗೂ ಹೊಳೆದಿರಲಿಕ್ಕಿಲ್ಲ.

ಒಂದೇ ಹೊತ್ತಿಗೆ ಹತ್ತಾರು ಕೋಣೆಗಳಲ್ಲಿ ಗೋಷ್ಠಿ. ಯಾವುದಕ್ಕೆ ಹೋದರೂ ಇನ್ನೊಂದು ತಪ್ಪಿತು ಎಂಬ ಸಂಕಟ. ನಾನು ಹೊಕ್ಕ ಕೋಣೆಯಲ್ಲಿ ಚರ್ಚೆ ಊಟದ ಮೇಲೆ ನಡೆದಿತ್ತು. ನೂರಾರು ವರ್ಷ ಸಾಗುವ ಅಂತರಿಕ್ಷ ನೌಕೆಯಲ್ಲಿ ತಲೆಮಾರುಗಳು ಹುಟ್ಟಿ ಸಾಯುತ್ತವೆ, ಅವರು ಏನು ಬೆಳೆದು ಏನು ಉಣ್ಣಬೇಕು? ಮೇಜಿನ ಹಿಂದೆ ನಾಲ್ವರು. ಒಬ್ಬರು ಸಸ್ಯವಿಜ್ಞಾನಿ, ಇಬ್ಬರು ಕಾದಂಬರಿಕಾರರು, ಇನ್ನೊಬ್ಬರು ಅಡುಗೆಯ ಬಗ್ಗೆ ಬರೆಯುವವರು. ದೀಪ ಬೆಳಗಲಿಲ್ಲ, ಸ್ವಾಗತ ಭಾಷಣವಿಲ್ಲ, ಪರಿಚಯ ಭಾಷಣವೂ ಇಲ್ಲ. ಗಂಟೆ ಹೊಡೆದ ಹಾಗೆ ಶುರುವಾಯಿತು, ಗಂಟೆ ಹೊಡೆದ ಹಾಗೆ ಮುಗಿಯಿತು.

ನನ್ನ ಎಡಕ್ಕೆ ಕೂತಿದ್ದ ಹೆಂಗಸು ಗೋಷ್ಠಿ ಪೂರ್ತಿ ಉಣ್ಣೆ ಹೆಣೆಯುತ್ತಿದ್ದಳು. ಮೊದಲು ಅಸಡ್ಡೆ ಎಂದುಕೊಂಡೆ. ಸುತ್ತ ನೋಡಿದರೆ ಕೋಣೆಯಲ್ಲಿ ಇನ್ನೂ ಐದಾರು ಜನ ಹೆಣೆಯುತ್ತಿದ್ದಾರೆ, ಅವರಲ್ಲೊಬ್ಬ ಗಡ್ಡದ ಗಂಡಸು. ಕಡ್ಡಿಗಳ ಸಣ್ಣ ಟಿಕ್ ಟಿಕ್ ಸದ್ದು ಮಾತಿನ ಜೊತೆಗೇ ನಡೆದಿತ್ತು. ಅವಳ ಕೈಯಲ್ಲಿ ಬೆಳೆಯುತ್ತಿದ್ದದ್ದು ನೀಲಿ ಬಣ್ಣದ, ಬಹಳ ಕಾಲುಗಳ ಒಂದು ಪ್ರಾಣಿ. ಹೊಲಿಗೆ ಎಣಿಸುವಾಗ ತುಟಿ ಅಲುಗುತ್ತಿತ್ತು, ಕಣ್ಣು ಮಾತ್ರ ವೇದಿಕೆಯ ಮೇಲೆ. ಸಸ್ಯವಿಜ್ಞಾನಿ ಗೊಬ್ಬರದ ಲೆಕ್ಕ ಹೇಳುತ್ತಿದ್ದಾಗ ಅವಳ ಕಡ್ಡಿ ತಟ್ಟನೆ ನಿಂತಿತು. ಪ್ರಶ್ನೋತ್ತರ ಬಂದಾಗ ಮೊದಲು ಎದ್ದ ಕೈ ಅವಳದೇ. ನೌಕೆಯೊಳಗಿನ ರಂಜಕ ಮರಳಿ ಮಣ್ಣಿಗೆ ಸೇರುವ ದಾರಿ ಏನು ಎಂದು ಕೇಳಿದಳು. ಸಸ್ಯವಿಜ್ಞಾನಿ ಒಂದು ಕ್ಷಣ ಸುಮ್ಮನಾಗಿ, 'ಸತ್ತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ' ಎಂದರು. ಕಾದಂಬರಿಕಾರರಿಬ್ಬರೂ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು.

ಓದುಗರು ಕೇಳುವುದು, ಲೇಖಕರು ಬರೆದುಕೊಳ್ಳುವುದು. ನಮ್ಮ ಗೋಷ್ಠಿಗಳಲ್ಲಿ ನಾನು ಇದನ್ನು ಕಂಡಿಲ್ಲ.

ಇನ್ನೊಬ್ಬ ಎದ್ದು ತನ್ನ ಅಪ್ರಕಟಿತ ಕಾದಂಬರಿಯ ಕಥೆ ಹೇಳತೊಡಗಿದ. ನಿರ್ವಾಹಕಿ ನಗುನಗುತ್ತಲೇ, 'ಪ್ರಶ್ನೆಯ ಕೊನೆಗೆ ಪ್ರಶ್ನೆಯ ಚಿಹ್ನೆ ಇರಬೇಕು' ಎಂದು ಕೂರಿಸಿದಳು. ಈ ಜಾತಿಯವರು ಭೂಮಂಡಲದ ಎಲ್ಲ ಸಾಹಿತ್ಯ ಸಭೆಗಳಲ್ಲೂ ಇರುತ್ತಾರೆಂದು ಸಮಾಧಾನವಾಯಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ದಾವಣಗೆರೆಯ ಹುಡುಗಿ ನನ್ನತ್ತ ಬಗ್ಗಿ, "ಸರ್, ರಾಗಿ ಅಂತ ಒಬ್ರೂ ಹೇಳಲಿಲ್ಲ ನೋಡ್ರಿ" ಎಂದು ಪಿಸುಗುಟ್ಟಿದಳು. ನಿಜ. ವರ್ಷಗಟ್ಟಲೆ ಹುಳ ಹಿಡಿಯದ, ಕಡಿಮೆ ನೀರು ಕೇಳುವ ಧಾನ್ಯವನ್ನು ಬಿಟ್ಟು ಅವರು ಆಲೂಗಡ್ಡೆಯಲ್ಲೇ ಸುತ್ತುತ್ತಿದ್ದರು. ಹೇಳಬೇಕೆಂದು ನಾನು ಕೈ ಎತ್ತುವುದರೊಳಗೆ ಹೊತ್ತಾಯಿತು. ಮುಂದಿನ ಗೋಷ್ಠಿಯವರು ಬಾಗಿಲಲ್ಲಿ ನಿಂತಿದ್ದರು.

ಮುಖ್ಯ ಅತಿಥಿಗಳಲ್ಲಿ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್ ಇದ್ದರು, ಸ್ಕಾಟ್ಲೆಂಡಿನವರೇ ಆದ ಕೆನ್ ಮೆಕ್ಲಿಯಾಡ್ ಇದ್ದರು. ಜೊತೆಗೆ ಕ್ಲೇರ್ ಬ್ರೈಲಿ ಮತ್ತು ಮಾರ್ಕ್ ಪ್ಲಮರ್ ಎಂಬ ಜೋಡಿ. ಇವರಿಬ್ಬರು ಅತಿಥಿಗಳಾದದ್ದು ಓದುಗರಾಗಿ. ದಶಕಗಳಿಂದ ಅಭಿಮಾನಿ ಪತ್ರಿಕೆ ಹೊರಡಿಸಿದ್ದಕ್ಕೆ, ಸಮ್ಮೇಳನಗಳಲ್ಲಿ ದುಡಿದದ್ದಕ್ಕೆ ಆ ಮರ್ಯಾದೆ. ಓದುಗನನ್ನು ಕರೆದು ಲೇಖಕನ ಪಕ್ಕದಲ್ಲಿ ಅದೇ ಎತ್ತರದ ಕುರ್ಚಿ ಕೊಡುವ ಈ ಪದ್ಧತಿ ನನಗೆ ಇಡೀ ಸಮ್ಮೇಳನದಲ್ಲಿ ಎಲ್ಲಕ್ಕಿಂತ ಹಿಡಿಸಿತು.

ಇದರ ಬೇರು ಹಳೆಯದು. 1937ರ ಜನವರಿ 3ರಂದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ವೈಜ್ಞಾನಿಕ ಸಾಹಿತ್ಯದ ಕೆಲವೇ ಅಭಿಮಾನಿಗಳು ಸೇರಿದ್ದರು. ಸೇರಿದ ಜಾಗ ಥಿಯಾಸಫಿಕಲ್ ಹಾಲ್, ನಮ್ಮ ಅಡ್ಯಾರ್ ಕೇಂದ್ರವಾಗಿರುವ ಅದೇ ಥಿಯಾಸಫಿಯದು. ಬಂದವರಲ್ಲಿ ಆರ್ಥರ್ ಕ್ಲಾರ್ಕ್ ಎಂಬ ಹತ್ತೊಂಬತ್ತರ ಹುಡುಗನೂ ಇದ್ದ. ವರ್ಲ್ಡ್‌ಕಾನ್ ಎಂಬ ಹೆಸರಿನ ಮೊದಲ ಸಮ್ಮೇಳನ 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಸುಮಾರು ಇನ್ನೂರು ಜನ ಬಂದಿದ್ದರು, ಅಲ್ಲಿಯೂ ಒಬ್ಬ ಹತ್ತೊಂಬತ್ತರ ಹುಡುಗ: ಐಸಾಕ್ ಅಸಿಮೋವ್. ಮಿರ್ಟಲ್ ಡಗ್ಲಸ್ ಎಂಬ ಯುವತಿ ಹೊಲಿದ ಭವಿಷ್ಯಕಾಲದ ಉಡುಪನ್ನು ತೊಟ್ಟು ಅವಳೂ ಗೆಳೆಯ ಫಾರೆಸ್ಟ್ ಅಕರ್ಮನ್ನನೂ ಬಂದರು. ರೈಲಿನ ಆ ಕೊಂಬಿನವನ ವಂಶದ ಮೂಲಪುರುಷರು ಅವರೇ. ಜಗಳವೂ ಮೊದಲ ವರ್ಷದಿಂದಲೇ ಇತ್ತು. ರಾಜಕೀಯ ತರುತ್ತಾರೆಂದು ಆರು ಯುವಕರನ್ನು ಬಾಗಿಲಲ್ಲೇ ತಡೆದು ಕಳಿಸಿದರು. ಅವರಲ್ಲೊಬ್ಬ ಫ್ರೆಡರಿಕ್ ಪೋಲ್, ಮುಂದೆ ಆ ಸಾಹಿತ್ಯದ ದೊಡ್ಡ ಹೆಸರುಗಳಲ್ಲಿ ಒಂದಾದವ.

ಗ್ಲಾಸ್ಗೋ ಸಮ್ಮೇಳನದ ಊಟದ ಸುದ್ದಿ ಹೇಳಿ ಮುಗಿಸುವುದೇ ಲೇಸು. ಆಲೂಗಡ್ಡೆಯ ಚಿಪ್ಸು, ಒಣ ಸ್ಯಾಂಡ್‌ವಿಚ್ಚು, ಅದಕ್ಕೂ ಮಾರುದ್ದದ ಕ್ಯೂ. ಚಿಕನ್ ಟಿಕ್ಕಾ ಮಸಾಲ ಹುಟ್ಟಿದ್ದು ತಮ್ಮೂರಲ್ಲೇ ಎಂದು ವಾದಿಸುವ ಊರಿದು, ಆದರೆ ಆ ವಾದ ಸಭಾಂಗಣದ ಒಳಗೆ ತಲುಪಿರಲಿಲ್ಲ.

ಮಾರಾಟ ಮಳಿಗೆಗಳ ಹಾಲಿನಲ್ಲಿ ಮಾತ್ರ ಹಸಿವು ಮರೆತುಹೋಯಿತು. ಹೊಸ ಪುಸ್ತಕಗಳ ಹೊಳಪಿನ ರಾಶಿ, ಪಿಂಗಾಣಿಯ ಡ್ರ್ಯಾಗನ್, ಚರ್ಮದ ಡಾಬು, ಮಂತ್ರದಂಡ ಇವನ್ನೆಲ್ಲ ದಾಟಿ ಹೋದರೆ ಮೂಲೆಯಲ್ಲಿ ಹಳೆಯ ಪುಸ್ತಕದ ಅಂಗಡಿ. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ಅರವತ್ತು ಎಪ್ಪತ್ತರ ದಶಕದ ಪೇಪರ್‌ಬ್ಯಾಕ್‌ಗಳು, ಬೆನ್ನು ಮೇಲೆ ಮಾಡಿ ಒತ್ತೊತ್ತಾಗಿ. ಅಂಚು ಹಳದಿಗಟ್ಟಿ, ತೆರೆದರೆ ಮೂಗಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ಘಾಟು. ನಾನು ಆರಿಸಿದ್ದು ಫ್ರೆಡ್ ಹಾಯ್ಲ್ ಅವರ 'ದಿ ಬ್ಲ್ಯಾಕ್ ಕ್ಲೌಡ್'. ಮೊದಲ ಮುದ್ರಣ 1957, ನನಗೆ ಸಿಕ್ಕದ್ದು ಆಮೇಲಿನ ಅಗ್ಗದ ಪ್ರತಿ. ಒಳಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಸಮೀಕರಣವೊಂದನ್ನು ಬಿಡಿಸಿ, ಹಾಯ್ಲ್ ತಪ್ಪೋ ಸರಿಯೋ ಎಂದು ತಾಳೆ ನೋಡಿದ್ದರು. ಕೊನೆಗೆ ಒಂದು ಸರಿ ಗುರುತು.

ಹಾಯ್ಲ್ ಖಗೋಳ ವಿಜ್ಞಾನಿ, ನಮ್ಮ ಜಯಂತ ನಾರ್ಳೀಕರ್ ಅವರ ಗುರು. ನಾರ್ಳೀಕರ್ ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆದರು. 2021ರಲ್ಲಿ ನಾಸಿಕದಲ್ಲಿ ನಡೆದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಮ್ಮ ಸಮ್ಮೇಳನದ ಸಾರೋಟಿನಲ್ಲಿ ವೈಜ್ಞಾನಿಕ ಕಾದಂಬರಿಕಾರರೊಬ್ಬರು ಕೂತದ್ದನ್ನು ನಾನಂತೂ ನೋಡಿಲ್ಲ. ರಾಜಶೇಖರ ಭೂಸನೂರಮಠರಂಥವರು ಜೀವಮಾನವಿಡೀ ಅದನ್ನೇ ಬರೆದರೂ, ವಿಮರ್ಶಕರು ಅವರನ್ನು ಮಕ್ಕಳ ಪುಸ್ತಕದ ಕಪಾಟಿನ ಪಕ್ಕ ಎಲ್ಲೋ ಇಟ್ಟು ಕೈತೊಳೆದುಕೊಂಡರು.

ವೇಷಭೂಷಣ ಸ್ಪರ್ಧೆ, ಚಿತ್ರಪ್ರದರ್ಶನ, ರಾತ್ರಿ ಗಿಟಾರ್ ಹಿಡಿದು ಗುರುತ್ವಾಕರ್ಷಣೆಯ ಮೇಲೆ ಹಾಡು ಕಟ್ಟುವವರ ಕೂಟ ಎಲ್ಲಕ್ಕೂ ಇಣುಕಿ ಬಂದೆ. ಬರೆಯಬೇಕಾದ್ದು ಸಮ್ಮೇಳನದಲ್ಲಿ ಕೊಡುವ ಹ್ಯೂಗೊ ಪ್ರಶಸ್ತಿಯ ಸಂಜೆಯ ಬಗ್ಗೆ.

1953ರಲ್ಲಿ ಶುರುವಾದ ಈ ಪ್ರಶಸ್ತಿಗೆ ತೀರ್ಪುಗಾರರ ಸಮಿತಿ ಇಲ್ಲ. ಸದಸ್ಯರೇ ಸೂಚಿಸುತ್ತಾರೆ, ಸದಸ್ಯರೇ ಮತ ಹಾಕುತ್ತಾರೆ. ಮೆಚ್ಚಿದ ಪುಸ್ತಕಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಬೇಕು. ಪಟ್ಟಿಯ ಕೊನೆಯಲ್ಲಿ 'ಯಾರಿಗೂ ಬೇಡ' ಎಂಬ ಆಯ್ಕೆ ಇರುತ್ತದೆ. ನಮ್ಮ ಮತಯಂತ್ರದ ನೋಟಾ ಗೆದ್ದರೂ ಯಾರನ್ನೂ ಸೋಲಿಸದು, ಇದಕ್ಕೆ ಹಲ್ಲಿದೆ. 2015ರಲ್ಲಿ ಒಂದು ಗುಂಪು ಪಟ್ಟಿಯನ್ನೇ ಕಬಳಿಸಲು ಹೊರಟಾಗ, ಓದುಗರು ಐದು ವಿಭಾಗಗಳಲ್ಲಿ 'ಯಾರಿಗೂ ಬೇಡ' ಎಂದು ಒತ್ತಿ ಪ್ರಶಸ್ತಿಯನ್ನೇ ಕೊಡಲಿಲ್ಲ.

ಓದುಗರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೇನೂ ಅಲ್ಲ. ಹಿಂದಿನ ವರ್ಷ ಚೀನಾದ ಚೆಂಗ್ಡುವಿನಲ್ಲಿ ನಡೆದ ಸಮ್ಮೇಳನದಲ್ಲಿ, ಸಾಕಷ್ಟು ಸೂಚನೆ ಪಡೆದಿದ್ದ ಆರ್. ಎಫ್. ಕ್ವಾಂಗ್ ಅವರ 'ಬೇಬಲ್' ಕಾದಂಬರಿಯನ್ನೂ ಲೇಖಕ ಶಿರಾನ್ ಜೇ ಝಾವೊ, ಅಭಿಮಾನಿ ಬರಹಗಾರ ಪಾಲ್ ವೈಮರ್ ಅವರನ್ನೂ 'ಅನರ್ಹ' ಎಂದು ಪಟ್ಟಿಯಿಂದ ಕೈಬಿಟ್ಟಿದ್ದರು. ಕಾರಣ ಕೊಟ್ಟಿರಲಿಲ್ಲ. 2024ರ ಜನವರಿಯಲ್ಲಿ ಅಂಕಿಅಂಶ ಹೊರಬಿದ್ದಾಗ ದೊಡ್ಡ ರಂಪವಾಯಿತು. ಗ್ಲಾಸ್ಗೋದವರು ಆ ಕಳಂಕವನ್ನು ತೊಳೆಯಬೇಕಿತ್ತು. ಅವರಿಗೂ ಪರೀಕ್ಷೆ ಎದುರಾಯಿತು. ಬಂದ 3,813 ಮತಪತ್ರಗಳಲ್ಲಿ 377 ಬೋಗಸ್ ಎಂದು ತೆಗೆದುಹಾಕಬೇಕಾಯಿತು. ಒಂದು ಸಾಲು ಮತದಾರರ ಅಡ್ಡಹೆಸರು ಒಂದೇ, ಮೊದಲ ಅಕ್ಷರ ಮಾತ್ರ ಅಕಾರಾದಿಯಾಗಿ ಬದಲಾಗುತ್ತಿತ್ತು. ಇನ್ನೊಂದು ಸಾಲಿನವರ ಹೆಸರುಗಳೆಲ್ಲ ಒಂದು, ಎರಡು, ಮೂರು ಎಂಬ ಸಂಖ್ಯೆಗಳೇ! ಕಲ್ಪನಾ ಸಾಹಿತ್ಯದ ಚುನಾವಣೆಯಲ್ಲಿ ಕಳ್ಳಮತ ಹಾಕುವವರಿಗೆ ಇಷ್ಟೂ ಕಲ್ಪನೆ ಇರಬಾರದೇ? ಎಷ್ಟು ಮತ, ಯಾಕೆ ತೆಗೆದೆವು ಎಂದು ಸಂಘಟಕರು ಜುಲೈಯಲ್ಲೇ ಬಹಿರಂಗವಾಗಿ ಹೇಳಿದರು. ಆ ಮತಗಳ ಲಾಭ ಯಾರಿಗಿತ್ತೋ ಅವರಿಗೆ ಇದು ಗೊತ್ತಿತ್ತೆಂಬುದಕ್ಕೆ ಪುರಾವೆ ಇಲ್ಲವೆಂದು ಅವರ ಹೆಸರನ್ನು ಮಾತ್ರ ಹೇಳಲಿಲ್ಲ. ಎರಡೂ ಸರಿ.

ಆಗಸ್ಟ್ 11ರ ಸಂಜೆ ಆರ್ಮಡಿಲೊ ತುಂಬಿತ್ತು. ರೇಷ್ಮೆ ಗೌನು, ಸ್ಕಾಟಿಷ್ ಕಿಲ್ಟು, ಅಲ್ಲಲ್ಲಿ ಸೀರೆ. ಮೇಜಿನ ಮೇಲೆ ಸಾಲಾಗಿ ನಿಂತ ಪ್ರಶಸ್ತಿಯ ರಾಕೆಟ್‌ಗಳು. ಆಕಾರ ಪ್ರತಿ ವರ್ಷ ಅದೇ, ಕೆಳಗಿನ ಪೀಠವನ್ನು ಮಾತ್ರ ಆಯಾ ಊರಿನವರು ಹೊಸದಾಗಿ ಮಾಡಿಸುತ್ತಾರೆ. ಹಿಂದಿನ ಸಲ ಹೊರಗಟ್ಟಿದ್ದ ಪಾಲ್ ವೈಮರ್ ಅವರ ಹೆಸರು ಅಭಿಮಾನಿ ಬರಹಗಾರ ವಿಭಾಗದಲ್ಲಿ ಬಂದಾಗ ಎದ್ದ ಚಪ್ಪಾಳೆ ಬೇರೆಯದೇ ಥರದ್ದು. ಹೊಸ ಲೇಖಕರಿಗೆ ಅದೇ ವೇದಿಕೆಯಲ್ಲಿ ಕೊಡುವ ಅಸ್ಟೌಂಡಿಂಗ್ ಪ್ರಶಸ್ತಿ ಶಿರಾನ್ ಜೇ ಝಾವೊ ಪಾಲಾಯಿತು. ಸಣ್ಣಕಥೆ, ನೀಳ್ಗತೆ ಎರಡನ್ನೂ ನವೋಮಿ ಕ್ರಿಟ್ಜರ್ ಒಬ್ಬರೇ ಬಾಚಿಕೊಂಡರು. ಉತ್ತಮ ಕಾದಂಬರಿ ಎಮಿಲಿ ಟೆಶ್ ಅವರ 'ಸಮ್ ಡೆಸ್ಪರೇಟ್ ಗ್ಲೋರಿ'.

ನಮ್ಮೂರ ಕಡೆಯ ಸುದ್ದಿಯೂ ಇತ್ತು. ವರ್ಷವರ್ಷವೂ ಅಂತಿಮ ಪಟ್ಟಿಗೆ ಬಂದು ಬರಿಗೈಯಲ್ಲಿ ಹೋಗುತ್ತಿದ್ದ 'ಸ್ಟ್ರೇಂಜ್ ಹೊರೈಜನ್ಸ್' ಪತ್ರಿಕೆ ಅಂದು ಗೆದ್ದಿತು. ಅದರ ಸಂಪಾದಕ ಬಳಗದಲ್ಲಿದ್ದ ಗೌತಮ್ ಭಾಟಿಯಾ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದವರು, ಸಂವಿಧಾನದ ಬಗ್ಗೆಯೂ ಬರೆಯುತ್ತಾರೆ, ಇಲ್ಲದ ಲೋಕಗಳ ಬಗ್ಗೆಯೂ. ಅದೇ ವರ್ಷ ಬೆಂಗಳೂರಿನ ಲಾವಣ್ಯ ಲಕ್ಷ್ಮಿನಾರಾಯಣ್ ಅವರ 'ದಿ ಟೆನ್ ಪರ್ಸೆಂಟ್ ಥೀಫ್' ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಬೆಂಗಳೂರೇ ಹೆಸರು ಬದಲಿಸಿಕೊಂಡು ಕಂಪನಿಯೊಂದರ ಹಿಡಿತಕ್ಕೆ ಬಿದ್ದ ಕಥೆ ಅದು. ಬೆಂಗಳೂರು ಆ ಲೋಕಕ್ಕೆ ಹೋಗಿ ತಲುಪಿದೆ, ಇಂಗ್ಲಿಷಿನಲ್ಲಿ. ಕನ್ನಡ ತಲುಪಿಲ್ಲ.

ಸಮಾರಂಭ ಮುಗಿದು ಹೊರಬಂದರೆ ಹೊಳೆಯ ಮೇಲಿನಿಂದ ತಣ್ಣನೆ ಗಾಳಿ. ದಾವಣಗೆರೆಯ ಹುಡುಗಿ ಇನ್ನೂ ಡ್ಯೂಟಿಯಲ್ಲೇ ಇದ್ದಳು. ಗಾಲಿಕುರ್ಚಿಯವರಿಗೆ ಮೊದಲು ದಾರಿ ಬಿಡಿಸುತ್ತಿದ್ದಳು, ರಾಕೆಟ್ ಹಿಡಿದ ಲೇಖಕಿಯೊಬ್ಬಳು ಅದಕ್ಕಾಗಿ ಬದಿಗೆ ಸರಿದು ನಿಂತಿದ್ದಳು. "ಕನ್ನಡದ್ದು ಯಾವಾಗ ಸರ್ ಇಲ್ಲಿಗೆ?" ಎಂದಳು.

ಅವಳಿಗೆ ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಹ್ಯೂಗೊಗೆ ಭಾಷೆಯ ಬೇಲಿ ಇಲ್ಲ. ಬೇರೆ ಭಾಷೆಯ ಕೃತಿ ಹಳೆಯದಾದರೂ, ಇಂಗ್ಲಿಷಿಗೆ ಮೊದಲ ಸಲ ಅನುವಾದವಾಗಿ ಬಂದ ವರ್ಷ ಅದಕ್ಕೆ ಮತ್ತೆ ಅರ್ಹತೆ ಸಿಗುತ್ತದೆಂದು ನಿಯಮದಲ್ಲೇ ಇದೆ. ಚೀನೀ ಲೇಖಕ ಲಿಯು ತ್ಸಿಶಿನ್ ಅವರ 'ದಿ ತ್ರೀ-ಬಾಡಿ ಪ್ರಾಬ್ಲಮ್' 2015ರಲ್ಲಿ ಗೆದ್ದದ್ದು ಕೆನ್ ಲಿಯು ಅವರ ಅನುವಾದದ ಬಲದಿಂದ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬುಕರ್ ತಂದ ಮೇಲೆ, ಕನ್ನಡದಿಂದ ಆಗದು ಎನ್ನುವ ನೆವಕ್ಕೂ ಜಾಗವಿಲ್ಲ. ಮತ ಹಾಕಲು ವಿಮಾನ ಹತ್ತಬೇಕಿಲ್ಲ. ಊರಲ್ಲಿ ಕೂತೇ ಹಣ ಕಟ್ಟಿ ಸದಸ್ಯರಾಗಬಹುದು, ಸೂಚಿಸಬಹುದು, ಅಂಕಿ ಹಾಕಬಹುದು. 2026ರ ಸಮ್ಮೇಳನ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ, 2027ರದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಷ್ಟರೊಳಗೆ ಅನುವಾದಕರಾರಾದರೂ ಒಂದು ಕನ್ನಡ ವೈಜ್ಞಾನಿಕ ಕಾದಂಬರಿಯನ್ನು ಕೈಗೆತ್ತಿಕೊಳ್ಳಲಿ. ಅದನ್ನು ಸೂಚಿಸಿ ಮತ ಹಾಕಲು ಓದುಗರಾಗಿ ನಾವು ಹಣ ಕಟ್ಟಿ ಸದಸ್ಯರಾಗೋಣ.